ತಾಮ್ರದ ಮೇಲೆ ಕೊರೆದ ಮುತ್ತಿಗೆ

ಬೊರಿವಲಿ ಪಶ್ಚಿಮದಲ್ಲಿ, ದಹಿಸರ್ ಕಡೆಗೆ ಹೋಗುವಾಗ, ಮಂಡಪೇಶ್ವರದ ಗುಹೆಗಳು ಸಿಗುತ್ತವೆ. ಬಂಡೆ ಕೊರೆದು ಮಾಡಿದ ಶಿವಾಲಯ. 16ನೇ ಶತಮಾನದಲ್ಲಿ ಪೋರ್ಚುಗೀಸರ ಫ್ರಾನ್ಸಿಸ್ಕನ್ ಪಾದ್ರಿಗಳು ಇದನ್ನೇ ಇಗರ್ಜಿ ಮಾಡಿಕೊಂಡು ಮೇಲಿನ ಗುಡ್ಡದಲ್ಲಿ ಮಠ ಕಟ್ಟಿಸಿದರು. ಇಂದು ಅಲ್ಲಿ ಉಳಿದಿರುವುದು ಸೂರಿಲ್ಲದ ಗೋಡೆಗಳು. ಅವು ಪಾಳುಬೀಳಲು ಕಾರಣವಾದದ್ದು ಕೋಟೆಗಳ ಸುತ್ತ ನಡೆದ ಯುದ್ಧ. 1737ರಲ್ಲಿ ಮರಾಠರು ಠಾಣೆಯನ್ನು ಹಿಡಿದು, ಬೊರಿವಲಿ ಇರುವ ಸಾಷ್ಟಿ ದ್ವೀಪಕ್ಕಿಳಿದರು. 1739ರಲ್ಲಿ ಅವರ ದಳಪತಿ ಚಿಮಾಜಿ ಅಪ್ಪಾ ವಸಯಿ ಕೋಟೆಯನ್ನು ಸುತ್ತುವರಿದು, ಬುರುಜಿನ ಬುಡಕ್ಕೆ ಸುರಂಗ ತೋಡಿಸಿ ಮದ್ದು ಸಿಡಿಸಿ, ಮೇ ತಿಂಗಳಲ್ಲಿ ಪೋರ್ಚುಗೀಸರನ್ನು ಶರಣಾಗಿಸಿದ. ನಾವು ಫ್ಲಾಟು ಕೊಂಡು ಸಂಸಾರ ಹೂಡಿರುವ ಬೊರಿವಲಿ ಅಂದು ಆ ಯುದ್ಧದ ಅಂಗಳದಲ್ಲಿತ್ತು.

ವಸಯಿಯ ಮುತ್ತಿಗೆಯನ್ನು ನಾವು ತಿಳಿಯುವುದು ಮುಖ್ಯವಾಗಿ ಕಾಗದಪತ್ರಗಳಿಂದ. ಮೋಡಿ ಲಿಪಿಯಲ್ಲಿ ಬರೆದ ಮರಾಠಿ ಪತ್ರಗಳು ಮೋರ್ಚೆ, ಸುರಂಗ, ಸತ್ತವರು, ಗಾಯಾಳುಗಳ ವಿವರ ಹೇಳುತ್ತವೆ. ಗೆದ್ದ ಪುಣೆಯಲ್ಲಿ ಆ ಗೆಲುವನ್ನು ತಾಮ್ರದ ತಗಡಿನಲ್ಲಿ ಕೊರೆದು, ನೂರಾರು ಪ್ರತಿ ತೆಗೆದು ಅಂಗಡಿಯಲ್ಲಿ ಮಾರುವ ಪದ್ಧತಿ ಇರಲಿಲ್ಲ. ಆ ಕೈಗೆಲಸ ಪುಣೆಗೆ ಬಂದದ್ದು ಪೇಶ್ವೆಯ ಮಂತ್ರಿ ನಾನಾ ಫಡ್ನವೀಸನ ಕೊನೆಗಾಲದಲ್ಲಿ. ಅದರ ಫಲವಾಗಿ 1805ರಲ್ಲಿ ಮೀರಜಿನಲ್ಲಿ ತಾಮ್ರದಚ್ಚಿನಿಂದ ಮುದ್ರಣಗೊಂಡದ್ದು ಭಗವದ್ಗೀತೆ. ಕೋಟೆಯ ಚಿತ್ರವಲ್ಲ ಎಂಬುದು ಗಮನಿಸಬೇಕಾದ ಮಾತು. ವಸಯಿ ಬಿದ್ದ 52 ವರ್ಷಗಳ ನಂತರ ಇಂಗ್ಲಿಷ್ ದಳಪತಿ ಕಾರ್ನ್‌ವಾಲಿಸನ ಸೇನೆ ಬೆಂಗಳೂರಿಗೆ ಲಗ್ಗೆ ಹಾಕಿದಾಗ ಸ್ಥಿತಿ ಬೇರೆಯಾಗಿತ್ತು. ಸೇನೆಯ ಹಿಂದೆಯೇ ಚಿತ್ರಕಾರ ನಡೆಯುತ್ತಿದ್ದ. ಅವನ ಹಿಂದೆ, ಆರೇಳು ತಿಂಗಳ ಹಡಗಿನ ದಾರಿಯಾಚೆ, ಲಂಡನ್ನಿನ ಪ್ರಕಾಶಕ ಕಾದಿದ್ದ.

ಹಳೆಯ ಮುತ್ತಿಗೆಗಳ ತಾಮ್ರದಚ್ಚಿನ ಚಿತ್ರಗಳನ್ನು ಸಂಗ್ರಹಿಸುವುದು ಯುರೋಪಿನಲ್ಲಿ ಬಹುಕಾಲದ ಹವ್ಯಾಸ. ಅಲ್ಲಿ ಅದಕ್ಕೆ ಬೇಕಾದಷ್ಟು ಸರಕೂ ಇದೆ. ಬ್ರೆಡಾ ಮುತ್ತಿಗೆಯನ್ನು ಜಾಕ್ ಕ್ಯಾಲೊ ಆರು ತಗಡುಗಳಲ್ಲಿ ಹರಡಿ ತೋರಿಸಿದ. ಮೇರಿಯನ್ ಮನೆತನದ ‘ಥಿಯೇಟ್ರಂ ಯುರೋಪಿಯಂ’ ಸಂಪುಟಗಳಲ್ಲಿ ಮುತ್ತಿಗೆಗೊಳಗಾದ ಊರುಗಳ ಸಾಲೇ ಇದೆ. ನಮ್ಮ ಕರಾವಳಿಯೂ ಈ ಸಾಲಿಗೆ ಬೇಗನೆ ಸೇರಿತು. ಡಚ್ಚರು 1661ರಿಂದ 1663ರವರೆಗೆ ಕೊಲ್ಲಂ, ಕೊಡುಂಗಲ್ಲೂರು, ಕೊಚ್ಚಿ, ಕಣ್ಣೂರುಗಳನ್ನು ಪೋರ್ಚುಗೀಸರಿಂದ ಕಿತ್ತುಕೊಂಡರು. ಆ ದಂಡಯಾತ್ರೆಯ ಜೊತೆಗಿದ್ದ ಪಾದ್ರಿ ಫಿಲಿಪ್ಪಸ್ ಬಾಲ್ಡೇಯಸ್ 1672ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಹೊರತಂದ ಮಲಬಾರ್ ಮತ್ತು ಚೋಳಮಂಡಲದ ವರ್ಣನೆಯಲ್ಲಿ ಈ ಮುತ್ತಿಗೆಗಳ ಚಿತ್ರಗಳಿವೆ. 

ಆದರೆ ಕನ್ನಡಿಗನಾಗಿ ನನ್ನ ಮನಸ್ಸು ನಿಲ್ಲುವುದು ಮೈಸೂರಿನ ಕೊನೆಯ ಎರಡು ಯುದ್ಧಗಳ ಚಿತ್ರಗಳಲ್ಲಿ. 1791ರ ಮಾರ್ಚ್ 7ರಂದು ಬೆಂಗಳೂರಿನ ಪೇಟೆ, ಅದೇ ತಿಂಗಳ 21ರ ರಾತ್ರಿ ಕೋಟೆ. ಅಕ್ಟೋಬರಿನಲ್ಲಿ ನಂದಿದುರ್ಗ, ಡಿಸೆಂಬರಿನಲ್ಲಿ ಸಾವನದುರ್ಗ, ಅದರ ಬೆನ್ನಿಗೇ ಹುತ್ರಿದುರ್ಗ. 1792ರ ಫೆಬ್ರವರಿಯಲ್ಲಿ ಶ್ರೀರಂಗಪಟ್ಟಣದ ಹೊರಗಿನ ರಾತ್ರಿಯುದ್ಧ. ಕೊನೆಗೆ 1799ರ ಮೇ 4, ಶ್ರೀರಂಗಪಟ್ಟಣದ ಪತನ. ಇಷ್ಟು ಕಡಿಮೆ ಕಾಲದಲ್ಲಿ ಕನ್ನಡ ನಾಡಿನ ಇಷ್ಟೊಂದು ಕೋಟೆಗಳು ತಾಮ್ರಕ್ಕಿಳಿದದ್ದು ಅದಕ್ಕೆ ಮೊದಲು ಎಂದೂ ಇಲ್ಲ.

ಇವುಗಳನ್ನು ಬಿಡಿಸಿದವರು ಯಾರು ಎಂದು ಕೇಳಿಕೊಂಡರೆ ಈ ಚಿತ್ರಗಳನ್ನು ಓದುವ ದಾರಿ ತೆರೆಯುತ್ತದೆ. ರಾಬರ್ಟ್ ಹೈಡ್ ಕೋಲ್‌ಬ್ರೂಕ್ ಸೇನೆಯ ಸರ್ವೆಯವನು. 1794ರಲ್ಲಿ ಬಂಗಾಳದ ಸರ್ವೇಯರ್ ಜನರಲ್ ಆದ. ಮೈಸೂರು ರಾಜ್ಯದ ಹನ್ನೆರಡು ನೋಟಗಳು ಅವನವು. ಅಲೆಕ್ಸಾಂಡರ್ ಅಲನ್ ಮದ್ರಾಸ್ ಸೇನೆಯ ಅಧಿಕಾರಿ. 1794ರಲ್ಲಿ ಮೈಸೂರು ಸೀಮೆಯ ಚಿತ್ರಗಳನ್ನು ಪ್ರಕಟಿಸಿದ ಈತನೇ 1799ರ ಮೇ 4ರ ಮಧ್ಯಾಹ್ನ ಬಿಳಿ ಬಾವುಟ ಹಿಡಿದು ಶ್ರೀರಂಗಪಟ್ಟಣದ ಅರಮನೆಯೊಳಗೆ ಹೋದವನು. ಜೇಮ್ಸ್ ಹಂಟರ್ ಫಿರಂಗಿದಳದ ಲೆಫ್ಟಿನೆಂಟ್. 1792ರಲ್ಲೇ ತೀರಿಕೊಂಡ, ಚಿತ್ರಗಳು ಅಚ್ಚಾದದ್ದು 1805ರ ಸುಮಾರಿಗೆ. ಇವರಲ್ಲಿ ವೃತ್ತಿಯಿಂದ ಚಿತ್ರಕಾರನಾಗಿದ್ದವನು ರಾಬರ್ಟ್ ಹೋಮ್ ಒಬ್ಬನೇ. 1791ರ ಆರಂಭದಲ್ಲಿ ಮದ್ರಾಸಿಗೆ ಬಂದಿಳಿದು, ಅನುಮತಿ ಪಡೆದು, ಕಾರ್ನ್‌ವಾಲಿಸನ ದಂಡಿನೊಡನೆ ಹೊರಟ. ಲಂಡನ್ನಿನಲ್ಲಿ ಬೋಯರ್ 1794ರಲ್ಲಿ ಪ್ರಕಟಿಸಿದ ಅವನ ಮೈಸೂರಿನ ಆಯ್ದ ನೋಟಗಳ ಪುಸ್ತಕದಲ್ಲಿ 29 ಚಿತ್ರಗಳೂ 4 ನಕಾಶೆಗಳೂ ಇವೆ.

ಅಂದರೆ ಹೆಚ್ಚಿನವರು ಫಿರಂಗಿಯನ್ನು ಎಲ್ಲಿಡಬೇಕು, ಕಂದಕ ಎಷ್ಟು ಆಳ, ಯಾವ ಗುಡ್ಡದಿಂದ ಯಾವ ಬುರುಜು ಕಾಣುತ್ತದೆ ಎಂದು ಅಳೆಯುವುದನ್ನು ಕಲಿತವರು. ಅಳತೆ ತಪ್ಪಿದರೆ ತಮ್ಮವರೇ ಸಾಯುತ್ತಾರೆ. ಹಾಗಾಗಿ ಅವರ ಚಿತ್ರದ ನೆಲವನ್ನು ನಾನು ನಂಬುತ್ತೇನೆ. ಚಿತ್ರಕಾರ ಹೋಮ್‌ನ ನೆಲವೂ ನಂಬಿಕೆಗೆ ತಕ್ಕದ್ದೇ. ಹೋಮ್‌ನ ಸಾವನದುರ್ಗವನ್ನು ಮೊದಲ ಸಲ ನೋಡುವವರಿಗೆ ಕಲಾವಿದ ಬಂಡೆಯನ್ನು ಉಬ್ಬಿಸಿ ಬರೆದಿದ್ದಾನೆ ಅನ್ನಿಸುತ್ತದೆ. ಮಾಗಡಿ ಕಡೆಯಿಂದ ಹೋಗಿ ಅದರ ಬುಡದಲ್ಲಿ ನಿಂತು ತಲೆ ಎತ್ತಿದರೆ ಆ ಅನುಮಾನ ಹೋಗುತ್ತದೆ. ಅವನ ಬೆಂಗಳೂರಿನ ಪೂರ್ವದ ನೋಟದಲ್ಲಿ ಸೈಪ್ರೆಸ್ ಮರಗಳ ತೋಟವಿದೆ. ಅದು ಹೈದರನ ಕಾಲದ ಲಾಲ್‌ಬಾಗ್. ಗುಡಿಯೊಂದರ ಬಳಿಯಿಂದ ನೋಡಿದಂತೆ ಬಿಡಿಸಿದ ಆ ಚಿತ್ರದಲ್ಲಿ ತೋಟಕ್ಕೂ ಕೋಟೆಗೂ ನಡುವಿನ ಬಯಲು ಖಾಲಿಯಾಗಿದೆ. ಇಂದು ಆ ಬಯಲಿನಲ್ಲಿ ಬಸ್ಸು, ಆಟೋಗಳ ನಡುವೆ ರಸ್ತೆ ದಾಟುವುದೇ ಒಂದು ಕಷ್ಟ. ಆ ಊರು ಹೇಗಿತ್ತೆಂದು ನಮಗೆ ತೋರಿಸಲು ಉಳಿದಿರುವ ಸಾಕ್ಷ್ಯಗಳಲ್ಲಿ ಈ ಹಾಳೆಗಳು ಮುಖ್ಯವಾದವು.

ಶ್ರೀರಂಗಪಟ್ಟಣದ 1799ರ ನಕಾಶೆ ಇನ್ನೂ ಹೆಚ್ಚು ಹೇಳುತ್ತದೆ. ಅಲೆಕ್ಸಾಂಡರ್ ಬೀಟ್ಸನ್ 1800ರಲ್ಲಿ ಪ್ರಕಟಿಸಿದ ಯುದ್ಧ ವೃತ್ತಾಂತದಲ್ಲಿ ಮುತ್ತಿಗೆಯ ನಕಾಶೆಗಳಿವೆ. ನದಿಯ ಆಚೆ ದಡದಲ್ಲಿ ಅಗೆದ ಕಂದಕಗಳು, ಮೋರ್ಚೆಗಳು, ಅವುಗಳ ಗುರಿಯಾದ ಕೋಟೆಯ ವಾಯವ್ಯ ಮೂಲೆ. ಕಾವೇರಿಯನ್ನು ಬಲ್ಲವರಿಗೆ ಈ ನಕಾಶೆ ತಾನಾಗಿ ಬಿಚ್ಚಿಕೊಳ್ಳುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಹೊಳೆ ಬತ್ತಿ ಬಂಡೆಗಳು ಎದ್ದು ಕಾಣುತ್ತವೆ. ಜೂನ್ ಕಳೆದು ಕೊಡಗಿನಲ್ಲಿ ಮಳೆ ಹಿಡಿದರೆ ಅದೇ ಹೊಳೆ ಕೋಟೆಗೆ ಕಾವಲಾಗುತ್ತದೆ. ಇಂಗ್ಲಿಷ್ ಸೇನೆಯ ಜನರಲ್ ಹ್ಯಾರಿಸನಿಗೆ ಮಳೆಗಾಲಕ್ಕೆ ಮೊದಲೇ ಗೋಡೆ ಒಡೆಯಲೇಬೇಕಿತ್ತು. ಮೇ 4ರ ಮಧ್ಯಾಹ್ನ ಸೈನಿಕರು ಆ ಬಂಡೆಗಳ ಮೇಲೆ, ಮೊಣಕಾಲುದ್ದದ ನೀರಿನಲ್ಲಿ ನುಗ್ಗಿ ಗೋಡೆಯ ಒಡಕನ್ನು ತಲುಪಿದರು. ಟಿಪ್ಪುವಿನ ಸೇನೆಯನ್ನೂ ಕೋಟೆಯನ್ನೂ ಕುರಿತು ಪುಟಗಟ್ಟಲೆ ಬರೆದಿರುವುದನ್ನು ಓದಿದ್ದೇನೆ. ಆ ದಿನ ಹೊಳೆಯಲ್ಲಿ ನೀರು ಕಡಿಮೆಯಿತ್ತು ಎಂಬ ಸಂಗತಿಯ ತೂಕ ನನಗೆ ಮನವರಿಕೆಯಾದದ್ದು ಈ ನಕಾಶೆಯಿಂದ.

ನೆಲವನ್ನು ನಂಬಿದಷ್ಟು ಸುಲಭವಾಗಿ ಚಿತ್ರದೊಳಗಿನ ಮನುಷ್ಯರನ್ನು ನಂಬಲಾಗದು. ಶ್ರೀರಂಗಪಟ್ಟಣದ ಪತನದ ಅತಿ ಪ್ರಸಿದ್ಧ ಚಿತ್ರ ರಾಬರ್ಟ್ ಕೆರ್ ಪೋರ್ಟರನದು. ಆಗ ಅವನಿಗೆ ಇಪ್ಪತ್ತಮೂರರ ಆಸುಪಾಸು; ಶ್ರೀರಂಗಪಟ್ಟಣವನ್ನು ಕಂಡವನೇ ಅಲ್ಲ. ನೂರು ಅಡಿಗೂ ಮೀರಿದ ಉದ್ದದ ಅವನ ಕ್ಯಾನ್ವಾಸು 1800ರಲ್ಲಿ ಲಂಡನ್ನಿನ ಲೈಸಿಯಂನಲ್ಲಿ ಪ್ರದರ್ಶನಗೊಂಡಿತು. ದುಡ್ಡು ಕೊಟ್ಟು ಜನ ನೋಡಿದರು. ಮೂಲ ಚಿತ್ರ ಈಗಿಲ್ಲ. ಜೊವಾನಿ ವೆಂಡ್ರಾಮಿನಿ ಅದರಿಂದ ಕೊರೆದ ಮೂರು ದೊಡ್ಡ ಅಚ್ಚುಗಳು ಉಳಿದಿವೆ, ಮಾರುಕಟ್ಟೆಯಲ್ಲಿ ಆಗಾಗ ಕಾಣಿಸಿಕೊಳ್ಳುತ್ತವೆ. ಅವುಗಳ ಕುಸುರಿ ನಿಜಕ್ಕೂ ದೊಡ್ಡದು. ಆದರೆ ನಡುವೆ ಕತ್ತಿ ಎತ್ತಿ ನಿಂತವನು ಲಗ್ಗೆಯ ಮುಂದಾಳು ಬೇರ್ಡ್. ಒಡಕಿನ ನೆತ್ತಿಯಲ್ಲಿ ಇಂಗ್ಲಿಷರ ಬಾವುಟ. ಯಾರು ಯಾರು ಎಂದು ಗುರುತಿಸಲು ಕೊಟ್ಟ ಗೆರೆಚಿತ್ರದಲ್ಲಿ ಇಂಗ್ಲಿಷ್ ಅಧಿಕಾರಿಗಳ ಹೆಸರುಗಳು. ಕೋಟೆ ಕಾದವರು ಹೆಸರಿಲ್ಲದ ಪೇಟಗಳ ಗುಂಪಾಗಿ ಬೀಳುತ್ತಿದ್ದಾರೆ. ಟಿಪ್ಪುವಿನ ಕೊನೆಯ ಹೋರಾಟವನ್ನು ಬಿಡಿಸಿದ ಹೆನ್ರಿ ಸಿಂಗಲ್ಟನ್, 1792ರಲ್ಲಿ ಒತ್ತೆಯಾಳಾದ ಅವನ ಮಕ್ಕಳಾದ ರಾಜಕುಮಾರರನ್ನು ಬಿಡಿಸಿದ ಮ್ಯಾಥರ್ ಬ್ರೌನ್ ಇವರೂ ಲಂಡನ್ನಿನಲ್ಲಿ ಕೂತೇ ಬರೆದವರು. ಆ ರಾಜಕುಮಾರರ ಒಪ್ಪಿಸುವಿಕೆಯನ್ನು ಕಣ್ಣಾರೆ ಕಂಡವನು ಹೋಮ್. ತನ್ನ ಚಿತ್ರದ ಅಂಚಿನಲ್ಲಿ ಕಾಗದದ ಕಟ್ಟು ಹಿಡಿದ ತನ್ನನ್ನೂ ಬರೆದುಕೊಂಡ. ಕಂಡವನ ಕೈಯಲ್ಲೂ ಎಳೆಯ ಮಕ್ಕಳನ್ನು ತಂದೆಯಿಂದ ಅಗಲಿಸಿದ ಸಂಗತಿ ಕಾರ್ನ್‌ವಾಲಿಸನ ದೊಡ್ಡತನದ ಚಿತ್ರವಾಗಿಬಿಟ್ಟಿತು ಎಂಬುದು ನನ್ನನ್ನು ನೋಯಿಸುತ್ತದೆ.

ಮೈಸೂರಿನ ಕಡೆಯಿಂದ ಯುದ್ಧಚಿತ್ರವೇ ಇಲ್ಲವೆಂದಲ್ಲ. ಶ್ರೀರಂಗಪಟ್ಟಣದ ದರಿಯಾ ದೌಲತ್ ಬಾಗಿನ ಪಡುಗೋಡೆಯಲ್ಲಿ 1780ರ ಪೊಳ್ಳಿಲೂರು ಕದನವಿದೆ: ಹೈದರ್, ಟಿಪ್ಪು ಇಬ್ಬರೂ ಆನೆ, ಕುದುರೆಗಳ ಸಾಲಿನೊಡನೆ ಬರುತ್ತಾರೆ, ಇಂಗ್ಲಿಷರ ಕರ್ನಲ್ ಬೇಯ್ಲಿ ಪಲ್ಲಕ್ಕಿಯಲ್ಲಿ ಸಿಕ್ಕಿಬಿದ್ದಿದ್ದಾನೆ. 19ನೇ ಶತಮಾನದಲ್ಲಿ ಮತ್ತೆ ಬಣ್ಣ ಬಳಿಸಿಕೊಂಡರೂ ಆ ಚಿತ್ರದ ಉತ್ಸಾಹ ಮಾಸಿಲ್ಲ. ಆದರೆ ಅದು ಗೋಡೆಯ ಚಿತ್ರ, ಒಂದೇ ಪ್ರತಿ. ನೋಡಲು ನಾವೇ ಅಲ್ಲಿಗೆ ಹೋಗಬೇಕು. ತಾಮ್ರದ ಚಿತ್ರ ನೂರಾರು ಮನೆಗಳಿಗೆ ತಾನೇ ಹೋಯಿತು. ಇನ್ನು 1779ರಲ್ಲಿ ಹೈದರನಿಗೆ ಬಿದ್ದ ಚಿತ್ರದುರ್ಗದ ಮುತ್ತಿಗೆ ಉಳಿದದ್ದು ಓಬವ್ವನ ಒನಕೆಯಲ್ಲಿ, ಜನರ ಬಾಯಲ್ಲಿ.

ಹಾಳೆಯೊಂದು ಕೈಗೆ ಬಂದಾಗ ಮೊದಲು ನೋಡಬೇಕಾದ್ದು ಅದರ ಅಂಚು. ತಾಮ್ರದ ತಗಡನ್ನು ನುಣುಪು ಮಾಡಿ, ಚೂಪಾದ ಉಳಿಯಿಂದ ಗೆರೆ ಕೊರೆಯುತ್ತಾರೆ. ಇಲ್ಲವೇ ಮೇಣದಂಥ ಲೇಪದ ಮೇಲೆ ಗೀಚಿ ಆಮ್ಲದಿಂದ ತಿನ್ನಿಸುತ್ತಾರೆ, ಅದು ಎಚಿಂಗ್. ರಾಳದ ಪುಡಿ ಉದುರಿಸಿ ತಿನ್ನಿಸಿದರೆ ಜಲವರ್ಣದಂಥ ಮೃದು ನೆರಳು ಬರುತ್ತದೆ, ಅದು ಅಕ್ವಾಟಿಂಟ್. ಕೋಲ್‌ಬ್ರೂಕ್, ಅಲನ್‌ರ ಚಿತ್ರಗಳು ಈ ಬಗೆಯವು, ಹೋಮ್‌ನವು ಗೆರೆಯ ಕೊರೆತ. ಆಮೇಲೆ ಶಾಯಿಯನ್ನು ಗೆರೆಗಳೊಳಗೆ ತುಂಬಿ, ಮೇಲ್ಮೈ ಒರೆಸಿ, ನೆನೆಸಿದ ಕಾಗದ ಹಾಸಿ, ರಸ್ತೆಬದಿಯ ಕಬ್ಬಿನ ಗಾಣದಂತೆ ಎರಡು ಉರುಳೆಗಳ ನಡುವೆ ಹಾಯಿಸುತ್ತಾರೆ. ಆ ಒತ್ತಡಕ್ಕೆ ತಗಡಿನ ನಾಲ್ಕೂ ಅಂಚು ಕಾಗದದಲ್ಲಿ ಕುಳಿಯಾಗಿ ಮೂಡುತ್ತದೆ. ಬೆರಳಾಡಿಸಿದರೆ ತಿಳಿಯುತ್ತದೆ. ಅಂಚು ಕತ್ತರಿಸಿ ಹೋಗಿದ್ದರೆ ಈ ಗುರುತು ಸಿಗದು, ಬೆಲೆಯೂ ಅಷ್ಟರಮಟ್ಟಿಗೆ ಇಳಿಯಬೇಕು. ಹತ್ತುಪಟ್ಟು ದೊಡ್ಡದು ಮಾಡುವ ಲೆನ್ಸಿನಲ್ಲಿ ನೋಡಿದರೆ ನಿಜವಾದ ಗೆರೆಯಲ್ಲಿ ಶಾಯಿ ಕಾಗದದ ಮೇಲೆ ತುಸು ಉಬ್ಬಿರುತ್ತದೆ. ಸಾಲಾಗಿ ಚುಕ್ಕಿಗಳ ಜಾಲ ಕಂಡರೆ ಅದು ಈಚಿನ ಆಫ್‌ಸೆಟ್ ಪ್ರತಿ. ವೆಂಡ್ರಾಮಿನಿಯಂಥವರು ಉಳಿಯಿಂದಲೇ ಚುಕ್ಕಿ ಇಟ್ಟದ್ದೂ ಉಂಟು, ಆದರೆ ಅವರ ಚುಕ್ಕಿಗಳು ಹೀಗೆ ಸಮವಾಗಿ ಜೋಡಿಸಿದ ಜಾಲವಲ್ಲ. ಗಾತ್ರವೂ ನಡುವಿನ ಅಂತರವೂ ಬೇರೆಬೇರೆ.

ಕೆಳಗಿನ ಸಣ್ಣ ಅಕ್ಷರಗಳನ್ನು ತಪ್ಪದೆ ಓದಬೇಕು. ಎಡಕ್ಕೆ ಬಿಡಿಸಿದವನ ಹೆಸರು, ಬಲಕ್ಕೆ ಕೊರೆದವನದು, ನಡುವೆ ಪ್ರಕಾಶಕನ ಹೆಸರು, ವಿಳಾಸ, ದಿನಾಂಕ. ಕಲಾವಿದ ಹೊಗಾರ್ತ್‌ನ ಒತ್ತಾಯದಿಂದ ಇಂಗ್ಲೆಂಡಿನಲ್ಲಿ 1735ರಲ್ಲಿ ಬಂದ ಕಾನೂನಿನಂತೆ ಹಕ್ಕು ಉಳಿಯಬೇಕಾದರೆ ತಗಡಿನ ಮೇಲೆ ದಿನಾಂಕ, ಮಾಲೀಕನ ಹೆಸರು ಇರಲೇಬೇಕಿತ್ತು. ಸಂಗ್ರಾಹಕರಿಗೆ ಅದು ವರ. ಆದರೂ ಆ ದಿನಾಂಕ ತಗಡಿನದು. ಕೈಯಲ್ಲಿರುವ ಪ್ರತಿ ಎಷ್ಟೋ ವರ್ಷದ ನಂತರದ್ದಿರಬಹುದು. ಹಾಳೆಯನ್ನು ಬೆಳಕಿಗೆ ಹಿಡಿದರೆ ನೀರಚ್ಚು ಕಾಣುತ್ತದೆ. 1794ರಿಂದ ಈಚೆಗೆ ವ್ಯಾಟ್‌ಮನ್ ಕಾಗದದಲ್ಲಿ ತಯಾರಾದ ವರ್ಷವೂ ಇರುತ್ತದೆ. ತಗಡಿನಲ್ಲಿ 1794, ಕಾಗದದಲ್ಲಿ 1810 ಎಂದಿದ್ದರೆ ಅದು ಮರುಮುದ್ರಣ. ಅಕ್ವಾಟಿಂಟಿನ ತಾಮ್ರ ಕೆಲವು ನೂರು ಪ್ರತಿಗಳಲ್ಲೇ ಸವೆಯುತ್ತದೆ. ಮೊದಲು ಮಾಯವಾಗುವುದು ಆಕಾಶದ ತೆಳು ನೆರಳು. ಹಾಗಾಗಿ ಕೋಟೆಯನ್ನು ನೋಡುವ ಮೊದಲು ಮೋಡವನ್ನು ನೋಡಬೇಕು.

ಮುಂಬಯಿಯಲ್ಲಿ ಹುಡುಕುವವರಿಗೆ ಇನ್ನೊಂದು ತೊಡಕಿದೆ. ಮಾಗಡಿಯ ಸಾವನದುರ್ಗ, ರತ್ನಾಗಿರಿಯ ಹರ್ಣೈ ಬಳಿಯ ಸುವರ್ಣದುರ್ಗ ಎರಡನ್ನೂ ಇಂಗ್ಲಿಷರು ಹೆಚ್ಚುಕಡಿಮೆ ಒಂದೇ ಥರ ಬರೆದರು. ಮುಂಬಯಿ ನೌಕಾದಳದ ವಿಲಿಯಂ ಜೇಮ್ಸ್ 1755ರಲ್ಲಿ ಮರಾಠಾ ನೌಕಾಬಲದ ಆಂಗ್ರೆ ಮನೆತನದಿಂದ ಕಿತ್ತುಕೊಂಡದ್ದು ಕಡಲಿನ ಸುವರ್ಣದುರ್ಗ. ಅದರ ನೆನಪಿಗೆ ಲಂಡನ್ನಿನ ಹೊರವಲಯದಲ್ಲಿ 1784ರಲ್ಲಿ ಕಟ್ಟಿದ ಗೋಪುರ ಇನ್ನೂ ನಿಂತಿದೆ. ಹೆಸರನ್ನಷ್ಟೇ ನಂಬಿದರೆ ಮಾಗಡಿಯ ಬಂಡೆ ಕೊಂಕಣದ ಕಂತೆಯಲ್ಲಿ ಸೇರಿಹೋಗುತ್ತದೆ. ಚಿತ್ರದಲ್ಲಿ ಕಡಲಿದೆಯೇ ಎಂದು ನೋಡಿದರೆ ತಕರಾರು ಮುಗಿಯಿತು. ಹುತ್ರಿದುರ್ಗವಂತೂ ‘ಊಟ್ರಾಡ್ರೂಗ್’ ಆಗಿ ಕುಳಿತಿರುತ್ತದೆ.

ಬೊರಿವಲಿಯಿಂದ ಲೋಕಲ್ ಹಿಡಿದು ಗ್ರಾಂಟ್ ರೋಡಿನಲ್ಲಿಳಿದರೆ ಚೋರ್ ಬಜಾರಿನ ಮಟನ್ ಸ್ಟ್ರೀಟ್ ಹತ್ತಿರ. ಶುಕ್ರವಾರ ಅಲ್ಲಿನ ಅಂಗಡಿಗಳಿಗೆ ರಜೆ, ಬೀದಿಯಲ್ಲಿ ಜುಮ್ಮಾ ಬಜಾರು. ಕೊಲಾಬಾದಲ್ಲಿ ರೀಗಲ್ ಟಾಕೀಸಿನೆದುರು 1860ರಿಂದ ನಡೆದುಬಂದ ಫಿಲಿಪ್ಸ್ ಆಂಟಿಕ್ಸ್ ಹಳೆಯ ನಕಾಶೆ, ಅಚ್ಚುಚಿತ್ರಗಳಿಗೆ ಹೆಸರಾದದ್ದು. ಕೊಳ್ಳುವ ಮೊದಲು ಕಣ್ಣು ಪಳಗಬೇಕು. ಅದಕ್ಕೆ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯವೂ, 1804ರಲ್ಲಿ ಹುಟ್ಟಿದ ಏಷ್ಯಾಟಿಕ್ ಸೊಸೈಟಿಯ ಗ್ರಂಥಾಲಯವೂ ಊರಲ್ಲೇ ಇವೆ. ಹೊರದೇಶದ ಮಾರಾಟಗಾರರಿಂದ ತರಿಸಿಕೊಳ್ಳುವವರು ನಮ್ಮ 1972ರ ಪ್ರಾಚ್ಯವಸ್ತು ಕಾನೂನನ್ನು ತಿಳಿದಿರಬೇಕು. ನೂರು ವರ್ಷ ದಾಟಿದ ಕಲಾವಸ್ತುವನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ.

ಅಂಗಡಿಗಳಲ್ಲಿ ಸಿಗುವ ಬಿಡಿಹಾಳೆಗಳಲ್ಲಿ ಬಹುಪಾಲು ಪುಸ್ತಕಗಳಿಂದ ಕಿತ್ತವು. ಇಡೀ ಪುಸ್ತಕಕ್ಕಿಂತ ಬಿಡಿಬಿಡಿಯಾಗಿ ಮಾರಿದರೆ ಹೆಚ್ಚು ದುಡ್ಡು. ಹಾಗೆ ಕಿತ್ತಾಗ ಚಿತ್ರದ ಎದುರಿನ ವಿವರಣೆಯ ಪುಟ ಹೋಗುತ್ತದೆ, ನಕಾಶೆ ಒಂದು ಕಡೆ, ನೋಟ ಇನ್ನೊಂದು ಕಡೆ ಆಗುತ್ತದೆ. ಬಹಳ ಹಿಂದೆಯೇ ಬಿಡಿಯಾದ ಹಾಳೆಯನ್ನು ಕೊಳ್ಳಲು ನನಗೆ ಅಳುಕಿಲ್ಲ. ಆದರೆ ಹೊಲಿಗೆ ಇನ್ನೂ ಗಟ್ಟಿಯಿರುವ ಪುಸ್ತಕದಿಂದ ‘ನಿಮಗೆ ಬೇಕಾದ್ದನ್ನು ತೆಗೆದುಕೊಡುತ್ತೇವೆ’ ಎಂದರೆ ಎದ್ದುಬರಬೇಕು. ಇದರಲ್ಲಿ ರಾಜಿ ಇಲ್ಲ.

ಮನೆಗೆ ತಂದ ಮೇಲೆ ಮುಂಬಯಿಯ ಹವೆಯೊಡನೆ ಸೆಣಸಾಟ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಗೋಡೆಗಳು ನೀರು ಕುಡಿಯುತ್ತವೆ. ಮಳೆಯ ಹೊಡೆತಕ್ಕೆ ಸಿಗುವ ಹೊರಗೋಡೆಗೆ ಚಿತ್ರ ತೂಗುಹಾಕಿದರೆ ಒಂದೇ ಮಳೆಗಾಲಕ್ಕೆ ಕಂದು ಚುಕ್ಕೆಗಳೇಳುತ್ತವೆ. ಒಳಗೋಡೆಯೇ ಸರಿ, ಬಿಸಿಲು ನೇರ ಬೀಳದ ಕಡೆ. ಗಾಜು ಕಾಗದಕ್ಕೆ ತಾಗದಂತೆ ನಡುವೆ ಆಮ್ಲರಹಿತ ರಟ್ಟಿನ ಚೌಕಟ್ಟು ಬೇಕು. ಹಿಂಬದಿಗೆ ಪ್ಲೈವುಡ್ ಬೇಡ, ಅದರ ಆಮ್ಲ ಕಾಗದವನ್ನು ಹಳದಿ ಮಾಡಿ ಪೆಡಸಾಗಿಸುತ್ತದೆ. ಲ್ಯಾಮಿನೇಶನ್, ಸೆಲ್ಲೋಟೇಪು, ಫೆವಿಕಾಲುಗಳಿಂದ ಆದ ಹಾನಿಯನ್ನು ತಿದ್ದುವುದು ಬಲು ಕಷ್ಟ. ಗೋಧಿ ಗಂಜಿಯ ಅಂಟು, ತೆಳು ಜಪಾನಿ ಕಾಗದದ ಪಟ್ಟಿ ಇವಷ್ಟೇ ಸಾಕು. ಗೋಧಿಯ ಅಂಟನ್ನು ನೀರು ತಾಗಿಸಿ ಬಿಡಿಸಬಹುದು. ಸ್ಥಿತಿ ಕೆಟ್ಟಿದ್ದರೆ ನಾವೇ ಕೈಹಾಕಬಾರದು, ಶಿವಾಜಿ ವಸ್ತು ಸಂಗ್ರಹಾಲಯದ ಸಂರಕ್ಷಣಾ ಕೇಂದ್ರದಂಥ ಕಡೆ ಬಲ್ಲವರಿದ್ದಾರೆ.

ಇಷ್ಟೆಲ್ಲ ಮಾಡಿದ ಮೇಲೂ ನನಗೆ ಅತಿ ಮುಖ್ಯವೆನಿಸುವುದು ಹಾಳೆಯ ಜೊತೆಗಿಡುವ ಚೀಟಿ. ಹಾಳೆಯ ಹಿಂಬದಿಗೆ ಪೆನ್ನು ತಾಗಿಸಬಾರದು; ಬೇರೆ ಕಾಗದದಲ್ಲಿ ಬರೆದು ಅದೇ ಲಕೋಟೆಯಲ್ಲಿಡಬೇಕು. ಅಳತೆ, ನೀರಚ್ಚು, ಕೊಂಡ ಅಂಗಡಿ, ವರ್ಷ ಇವನ್ನು ಯಾವ ಸಂಗ್ರಾಹಕನೂ ಬರೆಯುತ್ತಾನೆ. ಕನ್ನಡದಲ್ಲಿ ಬರೆಯುವ ಚೀಟಿಗೆ ಇನ್ನೆರಡು ಸಾಲು ಸೇರಬೇಕು ಎಂಬುದು ನನ್ನ ಹಟ. ಒಂದು, ಆ ಜಾಗ ಇಂದು ಎಲ್ಲಿದೆ. ಬೆಂಗಳೂರು ಕೋಟೆಯ ದಿಲ್ಲಿ ಬಾಗಿಲ ಹತ್ತಿರ, ಕೆ.ಆರ್. ಮಾರುಕಟ್ಟೆಯ ಪಕ್ಕ, 1791ರ ಒಡಕನ್ನು ಗುರುತಿಸುವ ಫಲಕವಿದೆ. ಶ್ರೀರಂಗಪಟ್ಟಣದಲ್ಲಿ ಮೈಸೂರು ಸರ್ಕಾರ 1907ರಲ್ಲಿ ನೆಟ್ಟ ಸ್ಮಾರಕಸ್ತಂಭವಿದೆ. ಇನ್ನೊಂದು, ಚಿತ್ರ ಹೇಳದ ಹೆಸರು. ಬೆಂಗಳೂರಿನ ಹಾಳೆಯ ಚೀಟಿಯಲ್ಲಿ ಮಾರ್ಚ್ 21ರ ರಾತ್ರಿ ಹೋರಾಡುತ್ತ ಮಡಿದ ಕಿಲ್ಲೇದಾರ ಬಹಾದುರ್ ಖಾನ್ ಇರಬೇಕು. ಶ್ರೀರಂಗಪಟ್ಟಣದ ಹಾಳೆಯ ಚೀಟಿಯಲ್ಲಿ, ಲಗ್ಗೆ ಶುರುವಾಗುವುದಕ್ಕೆ ಸ್ವಲ್ಪ ಮೊದಲು ಫಿರಂಗಿಯ ಗುಂಡಿಗೆ ಬಲಿಯಾದ, ಟಿಪ್ಪುವಿನ ದಳಪತಿ ಸಯ್ಯದ್ ಗಫಾರ್ ಇರಬೇಕು.